ಐದನೇ ಅಧ್ಯಾಯ ಎಲ್ಲಿ ಹೋಯಿತು?

"ಐದನೇ ಅಧ್ಯಾಯ ಎಲ್ಲಿ ಹೋಯ್ತಪ್ಪಾ?"

ಭಂಡಾರಿ ಆಗಷ್ಟೇ ಕೋಣೆಯ ಬೀಗ ತೆಗೆದು ಕಿಟಕಿ ತೆರೆದಿದ್ದ. ಇನ್ನೂ ಕುರ್ಚಿಯಲ್ಲಿ ಕೂತಿರಲಿಲ್ಲ. ಮೇಜಿನ ಮೇಲಿನ ಹಳೇ ಫೋನು ಬಡಿದುಕೊಂಡಿತು. ಎತ್ತಿದರೆ ವಯಸ್ಸಾದ ಹೆಂಗಸಿನ ದನಿ. ಹಲೋ ಇಲ್ಲ, ಹೆಸರಿಲ್ಲ — ನೇರ ಈ ಪ್ರಶ್ನೆ.

"ಯಾವ ಪ್ರಬಂಧದ್ದಮ್ಮಾ?"

"ಅದೇ, ಹೆತ್ತ ಮಗೂನ ಬಿಟ್ಟುಕೊಟ್ಟ ತಾಯಂದಿರದ್ದು. ನಾಕನೇದು ಮುಗೀತು. ಐದನೇದಕ್ಕೆ ಬಂದ್ರೆ ದನಿಯೇ ಇಲ್ಲ. ಸೀದಾ ಆರನೇದು ಶುರುವಾಗ್ಬಿಡುತ್ತೆ. ಏನಾಯ್ತು ಅಂತ ನೋಡಿ ಸರಿ ಮಾಡಪ್ಪ."

"ನೋಡ್ತೀನಮ್ಮ. ತಾವು ಯಾರು ಅಂತ—"

ಫೋನು ಇಟ್ಟಾಗಿತ್ತು.

ಭಂಡಾರಿ ಎಂಬುದು ಅವನ ಹೆಸರಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಾಗ ಅವನ ಕಣ್ಣಿಗೆ ಬಿದ್ದದ್ದು, ಕಪಾಟುಗಳಲ್ಲಿ ಧೂಳು ತಿನ್ನುತ್ತಿದ್ದ ಸಾವಿರಾರು ಸಂಶೋಧನಾ ಪ್ರಬಂಧಗಳು. ಬರೆದವರು ಬಿಟ್ಟರೆ ಅವನ್ನು ಓದಿದವರಿಲ್ಲ. ಒಂದೊಂದನ್ನೇ ಸ್ಕ್ಯಾನ್ ಮಾಡಿ, ಬರೆದವರ ಒಪ್ಪಿಗೆ ಪಡೆದು, ಕಂಪ್ಯೂಟರಿಗೆ ಏರಿಸಿ, ಯಾವ ಊರಿನ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ 'ಮುಕ್ತ ಭಂಡಾರ' ಕಟ್ಟಿದ. ಜನ ಅವನನ್ನೇ ಭಂಡಾರಿ ಅಂದರು. ಈಗ ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಪ್ರಬಂಧ ತೆರೆದ. ನಾಲ್ಕನೇ ಅಧ್ಯಾಯ ಸರಿಯಾಗಿತ್ತು. ಐದನೆಯದಕ್ಕೆ ಬಂದ. ಪುಟದ ಮೇಲೆ ಪುಟ ಬರೀ ಬಿಳುಪು. ಕೆಳಗೆ ಪುಟಸಂಖ್ಯೆ ಮಾತ್ರ. ಯಾರೋ ಕಡತವನ್ನು ಇಳಿಸಿಕೊಂಡು, ಆ ಅಧ್ಯಾಯವನ್ನಷ್ಟೇ ಅಳಿಸಿ, ಮತ್ತೆ ಏರಿಸಿದ್ದರು.

ಯಾವಾಗ? ನಿನ್ನೆ ಸಂಜೆ.

ಯಾರ ಕೀಲಿಪದ ಬಳಸಿ?

ಭಂಡಾರಿ ಇನ್ನೊಮ್ಮೆ ನೋಡಿದ. ಅವನದೇ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಹಡಿ ಹತ್ತಿ ಕುಲಸಚಿವರ ಕೋಣೆ ಸೇರಿತು. ಪ್ರಬಂಧ ಬರೆದ ಸಂಶೋಧಕಿ ಬೇರೆ ಊರಿನಿಂದ ಫೋನಿನಲ್ಲೇ ಕಿಡಿಕಾರಿದಳು. "ಆ ಹೆಂಗಸರು ಜೀವಮಾನದಲ್ಲಿ ಯಾರ ಮುಂದೂ ಬಾಯಿ ಬಿಡದವರು, ಸರ್. ನನ್ನ ನಂಬಿ ಹೇಳಿದ್ದಾರೆ. ಹೆಸರು ಬೇಡ, ಕಥೆ ಇರ್ಲಿ ಅಂದಿದ್ದಾರೆ. ಅದನ್ನ ಅಳಿಸೋಕೆ ನೀವ್ಯಾರು?"

ಕಂಪ್ಯೂಟರಿನಲ್ಲಿದ್ದ ಕಡತದ ಹಳೆಯ ಪ್ರತಿಯನ್ನು ಹುಡುಕಿ ತೆಗೆಯುವುದು ಕಷ್ಟವಾಗಲಿಲ್ಲ. ಆದರೆ ಕುಲಸಚಿವರಿಗೆ ಅಷ್ಟು ಸಾಲದು.

"ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರನ್ನ ಕೇಳೋದು, ಭಂಡಾರಿಯವ್ರೇ? ಇವತ್ತು ಒಂದು ಅಧ್ಯಾಯ. ನಾಳೆ? ಯಾರು ಮಾಡಿದ್ದು ಅಂತ ತಿಳಿಯೋವರೆಗೂ ಭಂಡಾರ ಹೊರಗಿನವರಿಗೆ ಬಂದ್. ನಾಳೆ ಸಂಜೆಯೊಳಗೆ ನಿಮ್ಮ ಉತ್ತರ ಬರ್ಲಿ. ಇಲ್ದಿದ್ರೆ ಆ ಕೋಣೆಗೆ ಬೇರೆಯವರು ಬರ್ತಾರೆ."

ಅಲ್ಲೇ ಕೂತಿದ್ದ ಮುಖ್ಯ ಗ್ರಂಥಪಾಲಕರು, "ಇವನು ಅಂಥವನಲ್ಲ, ಸಾರ್," ಎಂದು ಮೆಲ್ಲಗೆ ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಭಂಡಾರದ ಬಾಗಿಲು ಮುಚ್ಚಿತು. ಎಲ್ಲೆಲ್ಲಿಂದಲೋ ಫೋನುಗಳು — ಪಾಠ ತಯಾರಿಸುತ್ತಿದ್ದ ಮೇಷ್ಟರು, ಔಷಧಿಯ ಬಗ್ಗೆ ಓದುತ್ತಿದ್ದ ನರ್ಸ್. ಏನಾಯ್ತು? ಯಾವಾಗ ತೆರೀತೀರಿ? ಭಂಡಾರಿ ಅಕ್ಕನಿಗೆ ಫೋನು ಮಾಡಿದ.

ಅಕ್ಕ ಪೊಲೀಸ್ ಇಲಾಖೆಯ ವಂಚನೆ ವಿಭಾಗದಲ್ಲಿ ಜೀವ ತೇದವಳು. ಕೆಲಸದಿಂದ ನಿವೃತ್ತಿಯಾಗಿತ್ತು, ತಮ್ಮನ ಮೇಲಿನ ದರ್ಪ ನಿವೃತ್ತಿಯಾಗಿರಲಿಲ್ಲ. ಮರುದಿನ ಬೆಳಿಗ್ಗೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಭಂಡಾರಿ ಪರದೆಯನ್ನು ಅವಳ ಕಡೆ ತಿರುಗಿಸಿದ.

"ಆ ಡಬ್ಬೀನ ಆಚೆ ತಿರುಗ್ಸೋ. ಅದು ಹೇಳೋದನ್ನೆಲ್ಲ ಹೇಳಿ ಆಗಿದೆ. ಮೊನ್ನೆ ಸಂಜೆ ನೀನೆಲ್ಲಿದ್ದೆ?"

"ಟೀ ಕುಡಿಯೋಕೆ ಕೆಳಗೆ ಹೋಗಿದ್ದೆ."

"ಕಂಪ್ಯೂಟರ್ ತೆರೆದಿಟ್ಟು?"

ಭಂಡಾರಿ ತಲೆ ತುರಿಸಿಕೊಂಡ.

"ಭೇಷ್. ಆಗ ಇಲ್ಲಿಗೆ ಯಾರ್ಯಾರು ಬಂದಿದ್ರು?"

ಕಾವಲುಗಾರ ಹೇಳಿದ ಪ್ರಕಾರ ಮೂವರು. ಕೇಬಲ್ ಬದಲಾಯಿಸಲು ಬಂದಿದ್ದ ಕಂಪ್ಯೂಟರ್ ವಿಭಾಗದವನು — ಅವನನ್ನು ಎಲ್ಲರೂ ವೈರಣ್ಣ ಅನ್ನುತ್ತಿದ್ದರು. ತಮ್ಮ ಲೇಖನ ಕೊಡಲು ಬಂದಿದ್ದ ಪ್ರಾಧ್ಯಾಪಕಿ — ಆ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಿದವರು ಅವರೇ. ಮತ್ತೆ ಮುಖ್ಯ ಗ್ರಂಥಪಾಲಕರು. ಅವರು ದಿನಾ ಸಂಜೆ ಎಲ್ಲ ಕೋಣೆಗಳಿಗೂ ಒಂದು ಸುತ್ತು ಹಾಕುತ್ತಿದ್ದರು.

ವೈರಣ್ಣ ನಿಂತೇ ಉತ್ತರ ಕೊಟ್ಟ.

"ಎಲ್ರಿಗೂ ಭಂಡಾರದ ಬಾಗಿಲು ತೆಗೆದಿಡಬೇಡಿ ಅಂತ ನಾನು ಜಗಳ ಆಡಿದ್ದು ನಿಜ, ಮೇಡಂ. ಮುಚ್ಚಿದ್ದಕ್ಕೆ ನಿನ್ನೆ ಖುಷಿಯೂ ಆಯ್ತು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಾನು ಮಾಡೋದಾದ್ರೆ ಈ ಕೋಣೆಗೆ ಯಾಕೆ ಬರ್ಲಿ? ನನ್ನ ಜಾಗದಲ್ಲೇ ಕೂತು ಗುರುತು ಸಿಗದ ಹಾಗೆ ಮಾಡ್ತಿದ್ದೆ."

"ಅದೂ ಸರಿ. ಹೋಗಿ ಬನ್ನಿ."

ಪ್ರಾಧ್ಯಾಪಕಿ ಕನ್ನಡಕ ಒರೆಸುತ್ತಾ ಕೂತರು.

"ಆ ಅಧ್ಯಾಯ ನಿಮಗೆ ಇಷ್ಟ ಇರ್ಲಿಲ್ಲ ಅಂತೆ?"

"ಇರ್ಲಿಲ್ಲ. ಒಬ್ಬಳದೇ ಕಥೆ ಅಧ್ಯಾಯದ ತುಂಬ. ಇದು ಸಂಶೋಧನೆಯಲ್ಲ, ಕಾದಂಬರಿ ಅಂದೆ. ಹುಡುಗಿ ಹಟ ಹಿಡಿದು ಇಟ್ಲು. ಕೊನೆಗೆ ಪರೀಕ್ಷಕರು ಹೊಗಳಿದ್ದು ಅದನ್ನೇ." ಅವರು ನಕ್ಕರು. "ಪ್ರಬಂಧದ ಮೇಲೆ ನನ್ನ ಹೆಸರೂ ಇದೆ. ಅಳಿಸಿದ್ರೆ ನನ್ನ ಮೂಗು ನಾನೇ ಕುಯ್ದುಕೊಂಡ ಹಾಗಲ್ವಾ?"

ಮುಖ್ಯ ಗ್ರಂಥಪಾಲಕರು ಅಕ್ಕನನ್ನು ತಮ್ಮ ಕೋಣೆಗೇ ಕರೆದು ಕೂರಿಸಿದರು. ನೆರೆತ ಕೂದಲು, ಇಸ್ತ್ರಿ ಮಾಡಿದ ಅಂಗಿ, ಯಾರಿಗೂ ಗದರದ ಮನುಷ್ಯ.

"ಭಂಡಾರಿ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಬೇಕಾದ್ರೆ ಬರೆದುಕೊಡ್ತೀನಿ."

"ಮತ್ತೆ ಯಾರಿರಬಹುದು, ಸರ್?"

"ಯಂತ್ರದ ದೋಷ ಇರಬಹುದಲ್ವಾ?" ಅವರು ಗಡಿಯಾರ ನೋಡಿದರು. "ಕ್ಷಮಿಸ್ಬೇಕು. ಮನೆಗೆ ಹೋಗಿ ಅಮ್ಮನಿಗೆ ಬಡಿಸಿ ಬರ್ತೀನಿ. ತಟ್ಟೇಲಿ ಯಾವುದು ಎಲ್ಲಿದೆ ಅಂತ ನಾನು ಪಕ್ಕದಲ್ಲಿ ಕೂತು ಹೇಳದಿದ್ರೆ ಅವರಿಗೆ ಊಟ ಸೇರಲ್ಲ."

"ಮನೇಲಿ ಬೇರೆ ಯಾರೂ ಇಲ್ವಾ?"

"ನಾವಿಬ್ರೇ."

ಅವರು ಹೋದ ಮೇಲೆ ಅಕ್ಕ ಭಂಡಾರಿಯ ಕೋಣೆಗೆ ಮರಳಿದಳು.

"ಈ ಪ್ರಬಂಧದ ಅಚ್ಚು ಪ್ರತಿ ಇದೆಯೇನೋ?"

"ಪಕ್ಕದ ವಾಚನಾಲಯದ ಕಪಾಟಲ್ಲಿದೆ. ಬೀಗ ಕೂಡ ಹಾಕಲ್ಲ."

"ಅದರಲ್ಲೂ ಐದನೇ ಅಧ್ಯಾಯ ಹರಿದಿದ್ದಾರಾ?"

ಭಂಡಾರಿ ಓಡಿಹೋಗಿ ತಂದ. ಒಂದು ಹಾಳೆಯೂ ಹರಿದಿರಲಿಲ್ಲ. ಅಕ್ಕ ಕಿಟಕಿಯ ಬೆಳಕಿಗೆ ಕೂತು ಓದತೊಡಗಿದಳು.

ಹೆಸರಿಲ್ಲದ ಒಬ್ಬ ಹೆಂಗಸು ತನ್ನ ಕಥೆ ಹೇಳಿಕೊಂಡಿದ್ದಳು. ಮದುವೆಯಾಗದೆ ಹೆತ್ತ ಮಗು. ನಸುಕಿನಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಲಗಿಸಿ, ಕಾಂಪೌಂಡಿನ ಹಿಂದೆ ಅಡಗಿ ನಿಂತಿದ್ದಳು. ನರ್ಸ್ ಒಬ್ಬಳು ಬಂದಳು. ಅತ್ತಿತ್ತ ನೋಡಲಿಲ್ಲ, ಕೂಗಲಿಲ್ಲ. ಮಗುವನ್ನೆತ್ತಿ ಎದೆಗೊತ್ತಿಕೊಂಡು, 'ಏನೋ ಮಹಾರಾಯ, ಇಷ್ಟು ತಡವಾಗಿ ಬರೋದಾ?' ಅಂದಳು. 'ಆ ಮಾತು ಕೇಳಿ ನನ್ನ ಜೀವ ತಣ್ಣಗಾಯಿತು. ಇವಳ ಹತ್ತಿರ ಇದ್ದರೆ ಬದುಕುತ್ತಾನೆ ಅನ್ನಿಸಿತು. ತಿರುಗಿ ನೋಡದೆ ನಡೆದುಬಿಟ್ಟೆ.'

ಅಕ್ಕ ಪುಸ್ತಕ ಮುಚ್ಚಿದಳು.

"ನಿನಗೆ ಫೋನ್ ಮಾಡಿದ ಹೆಂಗಸು ಏನಂದ್ಲು? ನಿನ್ನ ಮಾತಲ್ಲಿ ಬೇಡ, ಅವಳ ಮಾತಲ್ಲೇ ಹೇಳು."

"ನಾಕನೇದು ಮುಗೀತು, ಐದನೇದಕ್ಕೆ ಬಂದ್ರೆ ದನಿಯೇ ಇಲ್ಲ, ಅಂದ್ರು."

"ಏನಿಲ್ಲ?"

"ದನಿ—" ಭಂಡಾರಿ ಅಲ್ಲೇ ನಿಂತ.

ಊಟದ ಹೊತ್ತು ಕಳೆದು ಮುಖ್ಯ ಗ್ರಂಥಪಾಲಕರು ವಾಪಸಾದಾಗ, ಅವರ ಕೋಣೆಯಲ್ಲಿ ಅಕ್ಕ ತಮ್ಮ ಇಬ್ಬರೂ ಕೂತಿದ್ದರು. ಅಚ್ಚಿನ ಪ್ರತಿ ಮೇಜಿನ ಮೇಲಿತ್ತು. ಅದನ್ನು ಕಂಡೇ ಅವರ ಮುಖದ ಬಣ್ಣ ಇಳಿಯಿತು.

ಅಕ್ಕ ದನಿ ಏರಿಸಲಿಲ್ಲ. "ಬಾಗಿಲು ಹಾಕಿದ್ದೀನಿ, ಸರ್. ಮಾತು ಇಲ್ಲೇ ಇರುತ್ತೆ. ಎಲ್ರೂ ಕಂಪ್ಯೂಟರ್ ನೋಡಿದ್ರು, ಕಪಾಟು ನೋಡಲಿಲ್ಲ. ಈ ಕಥೇನ ಲೋಕದಿಂದಲೇ ಮುಚ್ಚಬೇಕು ಅನ್ನೋನು ಪಕ್ಕದ ಕಪಾಟಲ್ಲಿರೋ ಪ್ರತೀನ ಬಿಡ್ತಾನಾ? ಬಿಟ್ಟಿದ್ದಾನೆ. ಅಂದ್ರೆ ಅವನು ಮುಚ್ಚಿಟ್ಟಿದ್ದು ಲೋಕದಿಂದ ಅಲ್ಲ, ಒಬ್ಬರಿಂದ. ಅಚ್ಚಿನ ಪ್ರತಿ ಇದ್ದೂ ಇಲ್ಲದ ಹಾಗೆ ಯಾರಿಗೆ? ಓದಲಾರದವರಿಗೆ. ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳಿದ್ರೆ ಕೇಳಿಸ್ಕೊಳ್ಳೋರಿಗೆ."

ಮುಖ್ಯ ಗ್ರಂಥಪಾಲಕರು ಕುರ್ಚಿಯ ಹಿಡಿ ಹಿಡಿದುಕೊಂಡರು.

"ಫೋನ್ ಮಾಡಿದಮ್ಮ 'ಅಕ್ಷರ ಇಲ್ಲ' ಅನ್ನಲಿಲ್ಲ. 'ದನಿಯೇ ಇಲ್ಲ' ಅಂದ್ರು. ನನ್ನ ತಮ್ಮ ಅದನ್ನ ಮಾತಿನ ರೂಢಿ ಅಂದ್ಕೊಂಡ. ಆಮೇಲೆ ನೀವೇ ಹೇಳಿದ್ರಿ — ತಟ್ಟೇಲಿ ಯಾವುದು ಎಲ್ಲಿದೆ ಅಂತ ಹೇಳ್ಬೇಕು ಅಂತ. ಕಣ್ಣು ಕಾಣೋರಿಗೆ ಅದನ್ನ ಯಾರು ಹೇಳ್ತಾರೆ? ಫೋನ್ ಮಾಡಿದ್ದು ನಿಮ್ಮ ತಾಯಿ. ಅಳಿಸಿದ್ದು ನೀವು. ಯಾಕೆ ಅಂತ ನಾನು ಊಹಿಸಬಲ್ಲೆ. ಆದ್ರೆ ಅದನ್ನ ಹೇಳೋದು ನನ್ನ ಕೆಲಸ ಅಲ್ಲ."

ಅವರು ಆ ಪ್ರತಿಯನ್ನು ತಮ್ಮತ್ತ ಎಳೆದುಕೊಂಡರು.

"ಅಮ್ಮ ನರ್ಸ್ ಆಗಿದ್ರು. ನಾನು ಹೊಟ್ಟೇಲಿ ಹುಟ್ಟಿದ ಮಗ ಅಲ್ಲ. ಚಿಕ್ಕವನಿದ್ದಾಗ ಸೋದರತ್ತೆ ಬಾಯಿ ತಪ್ಪಿ ಅಂದುಬಿಟ್ರು. ನನಗೆ ಗೊತ್ತು ಅನ್ನೋದು ಅಮ್ಮನಿಗೆ ಗೊತ್ತಿಲ್ಲ. ಇಷ್ಟು ವರ್ಷ ಗೊತ್ತಾಗದ ಹಾಗೇ ನೋಡ್ಕೊಂಡೆ. ಈಚೆಗೆ ಕಣ್ಣು ಹೋಯ್ತು. ಹೊತ್ತು ಹೋಗ್ಲಿ ಅಂತ ನಮ್ಮ ಭಂಡಾರದ್ದನ್ನೆಲ್ಲ ಕೇಳೋ ಹಾಗೆ ಮಾಡಿಕೊಟ್ಟೆ. ಮೊನ್ನೆ ಊಟ ಮಾಡ್ತಾ, ತಾಯಂದಿರದ್ದು ಶುರು ಮಾಡಿದ್ದೀನಿ ಅಂದ್ರು. ನಾನೂ ತೆಗೆದು ಓದ್ದೆ. ಮಗೂನ ಎತ್ತಿಕೊಂಡು ನರ್ಸ್ ಅಂದ ಆ ಸಾಲು ಬಂತು. ಈ ವಯಸ್ಸಲ್ಲಿ ಇದು ಅವರ ಕಿವಿಗೆ ಬಿದ್ರೆ... ಹೆತ್ತವಳು ಬದುಕಿದ್ದಾಳೆ, ಮಗ ಅವಳ ಕಡೆ ಹೋಗ್ಬಿಡ್ತಾನೆ ಅಂತ ಕೊರಗಲ್ವಾ?"

ಭಂಡಾರಿಗೆ ಸಿಟ್ಟೂ ಬಂತು, ಕನಿಕರವೂ ಆಯಿತು. "ನನ್ನ ಕೆಲಸ ಹೋಗ್ತಿತ್ತು, ಸರ್."

"ನಿನ್ನ ಮೇಲೆ ಬರುತ್ತೆ ಅಂತ ಆಗ ಹೊಳೀಲಿಲ್ಲ, ಭಂಡಾರಿ. ಇವತ್ತು ಸಂಜೆ ಕುಲಸಚಿವರ ಮುಂದೆ ಹೇಳೋಣ ಅಂತಿದ್ದೆ." ಅವರು ತಲೆ ತಗ್ಗಿಸಿದರು. "ನಿನ್ನೇನೂ ಹಾಗೇ ಅಂದ್ಕೊಂಡಿದ್ದೆ."

"ಮೊದಲು ಮನೆ, ಆಮೇಲೆ ಕುಲಸಚಿವರು," ಅಂದಳು ಅಕ್ಕ, ಮಂಡಿ ಒತ್ತಿಕೊಂಡು ಏಳುತ್ತಾ.

ಮನೆ ಗ್ರಂಥಾಲಯದ ಹಿಂದಿನ ಬೀದಿಯಲ್ಲೇ ಇತ್ತು. ಬಾಗಿಲು ತೆರೆಯುವ ಸದ್ದಿಗೇ ಒಳಗಿನಿಂದ ದನಿ ಬಂತು.

"ಏನೋ ಮಹಾರಾಯ, ಈಗ ತಾನೇ ಹೋದವನು ಮತ್ತೆ ಬಂದ್ಯಾ? ಜೊತೇಲಿ ಯಾರು, ಇಬ್ರು?"

ಆ ಅಧ್ಯಾಯದ ನರ್ಸ್ ಮಗುವನ್ನು ಕರೆದದ್ದೂ ಹೀಗೇ; ಭಂಡಾರಿ ಅಕ್ಕನತ್ತ ನೋಡಿದ.

ಮಗ ತಾಯಿಯ ಕಾಲ ಬಳಿ ನೆಲದ ಮೇಲೆ ಕೂತರು. ತಡವರಿಸುತ್ತಾ, ನಡುನಡುವೆ ನಿಲ್ಲಿಸುತ್ತಾ ಎಲ್ಲ ಹೇಳಿದರು. ಮುದುಕಿ ಅಳಲಿಲ್ಲ. ಕೈ ಚಾಚಿ, ಮಗನ ತಲೆ ಹುಡುಕಿ, ಮೆಲ್ಲಗೆ ಒಂದು ಮೊಟಕಿದಳು.

"ದಡ್ಡ. ಆ ಪುಸ್ತಕ ನಾನು ಹೋದ ವಾರವೇ ಪೂರ್ತಿ ಕೇಳಿ ಮುಗಿಸಿದ್ದೆ."

"ಮತ್ತೆ ಶುರು ಮಾಡಿದ್ದೀನಿ ಅಂದ್ರಿ?"

"ನೀನೂ ಓದ್ಲಿ ಅಂತ ಅಂದೆ. ನಾನಾಗಿ ಹೇಳೋಕೆ ಇಷ್ಟು ವರ್ಷ ನಾಲಿಗೆ ಏಳಲಿಲ್ಲ ಕಣೋ. ಗೊತ್ತಾದ್ರೆ ನೊಂದ್ಕೋತೀಯ ಅಂತ ಹೆದರಿಕೆ. ಆ ಪುಣ್ಯಾತಗಿತ್ತಿ ನನಗಿಂತ ಚೆನ್ನಾಗಿ ಹೇಳಿದ್ದಾಳೆ. ಇಬ್ರೂ ಕೂತು ಕೇಳೋಣ ಅಂತ ಹುಡುಕಿದ್ರೆ ಅಧ್ಯಾಯವೇ ಮಾಯ. ನನ್ನ ಮಗನೇ ಅಳಿಸಿದ್ದಾನೆ ಅಂತ ನನಗೇನು ಕನಸು ಬಿತ್ತಾ?"

ಮುಖ್ಯ ಗ್ರಂಥಪಾಲಕರು ನಕ್ಕರೋ ಅತ್ತರೋ ಭಂಡಾರಿಗೆ ತಿಳಿಯಲಿಲ್ಲ. ತಾಯಿಯ ಮಡಿಲಲ್ಲಿ ಮುಖ ಇಟ್ಟುಬಿಟ್ಟಿದ್ದರು. ಅಕ್ಕ ಕಿಟಕಿಯಾಚೆ ನೋಡುತ್ತಾ ನಿಂತಳು. ಭಂಡಾರಿ ಎರಡು ದಿನಗಳಲ್ಲಿ ಮೊದಲ ಬಾರಿಗೆ ನೆಟ್ಟಗೆ ಉಸಿರಾಡಿದ.

ಆ ಸಂಜೆ ಕುಲಸಚಿವರ ಮುಂದೆ ಮುಖ್ಯ ಗ್ರಂಥಪಾಲಕರು ತಾವೇ ತಪ್ಪೊಪ್ಪಿಕೊಂಡರು. ಸರಿಯಾಗಿಯೇ ಬೈಸಿಕೊಂಡರು, ಎಚ್ಚರಿಕೆಯ ಆದೇಶವೂ ಕೈಗೆ ಬಂತು. ಭಂಡಾರದ ಬಾಗಿಲು ತೆರೆಯಿತು. ಐದನೇ ಅಧ್ಯಾಯ ಒಂದಕ್ಷರವೂ ಬದಲಾಗದೆ ತನ್ನ ಜಾಗಕ್ಕೆ ಬಂತು. ಭಂಡಾರಿ ಮಾತ್ರ ಟೀ ಕುಡಿಯಲು ಹೋಗುವಾಗ ಕಂಪ್ಯೂಟರಿಗೆ ಬೀಗ ಹಾಕುವುದನ್ನು ಕಲಿತ.

ಸಂಶೋಧಕಿಗೆ ಮುಖ್ಯ ಗ್ರಂಥಪಾಲಕರೇ ಫೋನು ಮಾಡಿ ಕ್ಷಮೆ ಕೇಳಿದರು. ಅವಳು ಆ ಹೆಂಗಸಿನ ಹೆಸರು ಹೇಳಲಿಲ್ಲ. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳು. ಆದರೆ ವಿಷಯ ಮುಟ್ಟಿಸಿ ಕೇಳುತ್ತೇನೆ ಅಂದಳು.

ಕೆಲವು ದಿನಗಳ ಮೇಲೆ ಸಂಶೋಧಕಿಯೇ ಮುಖ್ಯ ಗ್ರಂಥಪಾಲಕರ ಮನೆಗೆ ಬಂದಳು. ಕಚೇರಿಯ ಕಾಗದಕ್ಕೆ ಸಹಿ ಹಾಕಿಸಲು ಹೋಗಿದ್ದ ಭಂಡಾರಿಯೂ ಅಲ್ಲಿದ್ದ. ಮುಖ್ಯ ಗ್ರಂಥಪಾಲಕರು ಎದ್ದು ಅವಳಿಗೆ ಕುರ್ಚಿ ಎಳೆದು ಕೊಟ್ಟರು.

"ಅವರಿಗೆ ಹೇಳಿದೆ," ಅಂದಳು ಸಂಶೋಧಕಿ. "ನಿಮ್ಮನ್ನ ನೋಡೋಕೆ ಇನ್ನೂ ಧೈರ್ಯ ಸಾಲದು, ಸ್ವಲ್ಪ ದಿನ ಹೋಗ್ಲಿ ಅಂದ್ರು. ಒಂದೇ ಒಂದು ಮಾತು ಕೇಳ್ಕೊಂಡು ಬಾ ಅಂತ ಕಳಿಸಿದ್ದಾರೆ. ಅವನು ಹೊಟ್ಟೆ ತುಂಬ ಊಟ ಮಾಡ್ತಾನಾ, ಅಂತ."

ಮಗ ಬಾಯಿ ತೆರೆಯುವ ಮೊದಲೇ ಒಳಗಿನ ಕುರ್ಚಿಯಿಂದ ಮುದುಕಿಯ ಉತ್ತರ ಬಂತು.

"ಪಕ್ಕದಲ್ಲಿ ಕೂತು ಗದರಿದ್ರೆ ಮಾಡ್ತಾನೆ ಕಣಮ್ಮ. ನಾನೊಬ್ಳೇ ಎಷ್ಟು ಅಂತ ಗದರ್ಲಿ? ಧೈರ್ಯ ಬಂದಾಗ ಅವರೂ ಬರ್ಲಿ, ಹೇಳು."