ನಿಂಗವ್ವನ ಹೊಲಿಗೆ ಬಿಚ್ಚಿದವರು ಯಾರು?

ಹೊಲಿಗೆ ಬಿಚ್ಚಿತ್ತು. ಒಸಡು ಊದಿ ಕೀವು ಒಸರುತ್ತಿತ್ತು.

ಬೆಳಗಾವಿಯ ರಾಮತೀರ್ಥ ನಗರದ ತಮ್ಮ ಕ್ಲಿನಿಕ್ಕಿನಲ್ಲಿ ಡಾ. ಶಗುಫ್ತಾ ದೀಪವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಖಾನಾಪುರದ ನಿಂಗವ್ವನ ಕೆಳದವಡೆಗೆ ಕಳೆದ ವಾರವಷ್ಟೇ ಅವರು ಎರಡು ಇಂಪ್ಲಾಂಟ್ ಕೂಡಿಸಿದ್ದರು. ಆ ಲೋಹದ ತಿರುಪುಗಳು ಮೂಳೆಯಲ್ಲಿ ಬೆಸೆದುಕೊಂಡ ಮೇಲೆ ಅವುಗಳ ಮೇಲೆ ಹಲ್ಲು. ಗಾಯ ಮಾಯದೆ ಹೋದರೆ—ಎರಡನ್ನೂ ಕಿತ್ತು ತೆಗೆಯಬೇಕು.

"ಇದು ಯಾರ ಕೆಲಸ ಅಂತ ನಂಗ ಗೊತ್ತೈತ್ರಿ," ಎಂದ ಮಗ ಅನಿಕೇತ. "ಗಂಜಿ ಕೊಡು ಅಂದ್ರ ಇಕಿ ರೊಟ್ಟಿ ಕೊಟ್ಟಾಳ. ನೋಡ್ರಿ, ಹೊಲಿಗಿ ದಾರದಾಗ ಕರಿ ಕಣ ಸಿಕ್ಕಾವು. ಸೀದ ರೊಟ್ಟಿದು!"

ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಪೂರ್ಣಿಮಾ ತಲೆ ತಗ್ಗಿಸಿದಳು. ಕೆಳಗಿನ ಹಲ್ಲಿಲ್ಲದ ಅತ್ತೆ ಎಲ್ಲರೂ ಉಂಡೆದ್ದ ಮೇಲೆ ಒಬ್ಬಳೇ ಕೂತು ನುಂಗುವುದನ್ನು ನೋಡಲಾರದೆ, ಹಟ ಹಿಡಿದು ಇಲ್ಲಿಗೆ ಕರೆತಂದವಳೇ ಅವಳು. ಈಗ ನಾದಿನಿ ಮಾಯಕ್ಕ ಊರಿಡೀ ಹೇಳುತ್ತಿದ್ದಳು—ಸೊಸೆಯೇ ಕೆಡಿಸಿದಳು ಎಂದು.

"ರೊಟ್ಟಿ ಕೊಟ್ಟೀರೇನು?" ಡಾಕ್ಟರು ಕೇಳಿದರು.

"ಇಲ್ರಿ ಮೇಡಂ. ತಣ್ಣನ ಗಂಜಿ, ಮೊಸರನ್ನ. ನೀವು ಹೇಳಿದ್ದಷ್ಟ."

"ಚಹಾ?"

"ಆರಿಸಿ ಕೊಟ್ಟೇನ್ರಿ."

"ಹಂಗಾರ ಈ ಕಣ ಎಲ್ಲಿಂದ ಬಂತು?" ಅನಿಕೇತ ಬಿಡಲಿಲ್ಲ.

ಶಗುಫ್ತಾ ತಿರುಪುಗಳನ್ನು ಮೆಲ್ಲನೆ ಒತ್ತಿ ನೋಡಿದರು. ಅಲುಗಲಿಲ್ಲ. ಅರಳೆಯಿಂದ ಕಣಗಳನ್ನು ಒರೆಸಿ, ಮುಖಗವಸು ಸರಿಸಿ ಮೂಸಿದರು. ಹುಬ್ಬು ಮೇಲೇರಿತು.

"ನಿಂಗವ್ವಾರ, ತಂಬಾಕ ತಿಂತೀರೇನು?"

"ಶಿವ ಶಿವಾ! ಅವತ್ತೂ ಇದನ್ನ ಕೇಳಿದ್ರಿ. ಜನ್ಮದಾಗ ತಿಂದಿಲ್ರಿ ಬಾಯಾರ."

ಸುಳ್ಳಿನ ದನಿಯಲ್ಲ ಅದು.

"ಬಲಗೈ ತೋರಸ್ರಿ."

ತೋರುಬೆರಳಿನ ತುದಿ ಕಂದುಗಟ್ಟಿತ್ತು. ಉಗುರಿನ ಸಂದಿಯಲ್ಲಿ ಕಪ್ಪು.

"ಹಲ್ಲು ತಿಕ್ಕಾಕ ಏನ್ ಹಚ್ಚತೀರಿ?"

"ಮಿಶ್ರಿರಿ. ಬಾಯಿ ಸ್ವಚ್ಛ ಇಟ್ಕೋರಿ ಅಂತ ನೀವ ಹೇಳಿದ್ರೆಲ್ಲ? ಮುಂಜಾನಿ, ಸಂಜಿ, ಗಾಯದ ಬಾಜುಕನೂ ಛಲೋತಂಗ ತಿಕ್ಕೀನ್ರಿ."

ಶಗುಫ್ತಾ ಆ ಅರಳೆಯನ್ನು ಮಗನ ಮುಂದೆ ಹಿಡಿದರು.

"ಅನಿಕೇತ, ಅಪರಾಧಿ ಸಿಕ್ಕ," ಎಂದರು ಶಗುಫ್ತಾ. "ನಿಮ್ಮವ್ವನ ಬೆರಳು! ರೊಟ್ಟಿ ಅಗದಿದ್ರ ಒತ್ತು ಮ್ಯಾಲಿಂದ ಬೀಳತಿತ್ತು. ಹೊಲಿಗಿ ಹರದಿದ್ದು ಕೆನ್ನಿ ಬಾಜು—ಬೆರಳು ಓಡಾಡೂ ಜಾಗಾ. ಕಣದ ವಾಸನಿನೂ ರೊಟ್ಟಿದಲ್ಲ, ಹೊಗಿಸೊಪ್ಪಿಂದು. ಮಿಶ್ರಿ ಅಂದ್ರ ಮತ್ತೇನು? ಹುರದು ಪುಡಿ ಮಾಡಿದ ತಂಬಾಕ. ಅದು ಒಸಡಿಗೆ ರಕ್ತ ಸರಿಯಾಗಿ ಹರಿಯಾಕ ಬಿಡಂಗಿಲ್ಲ, ಗಾಯ ಮಾಯಂಗಿಲ್ಲ."

"ದಿನಾ ನೋಡತಿದ್ವಿ... ಹಲ್ಲಪುಡಿ ಅಂತ ತಿಳ್ಕೊಂಡಿದ್ವಿ," ಪೂರ್ಣಿಮಾ ಪಿಸುಗುಟ್ಟಿದಳು.

"ತಪ್ಪು ನಂದೂ ಐತಿ. 'ತಿಂತೀರೇನು' ಅಂತ ಕೇಳಿದ್ನಿ. 'ತಿಕ್ಕತೀರೇನು' ಅಂತ ಕೇಳಲಿಲ್ಲ."

ಅವರು ಗಾಯ ತೊಳೆದು ಔಷಧಿ ಬರೆದರು. ಇನ್ನು ಮಿಶ್ರಿ ಬಂದ್. ಊಟವಾದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರು, ಜೋರಾಗಿ ಮುಕ್ಕಳಿಸದೆ. ಉಳಿದ ಹಲ್ಲಿಗೆ ಮೆತ್ತನೆಯ ಬ್ರಷ್. ಗಾಯಕ್ಕೆ ಬೆರಳು ಸೋಕಕೂಡದು.

"ಉಳೀತಾವೇನ್ರಿ?" ಅನಿಕೇತನ ದನಿ ಇಳಿದಿತ್ತು.

"ಇವತ್ತ ಬಂದದ್ದು ಛಲೋ ಆತು. ಉಳೀತಾವು."

ಅವನು ಹೆಂಡತಿಯ ಕಡೆ ತಿರುಗಿದ. "ತಪ್ಪಾತು, ಪೂರ್ಣಿಮಾ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿಂಗವ್ವ ಕುರ್ಚಿಯಿಂದ ಏಳುವ ಮೊದಲೇ ಮಗನ ಫೋನು ಕೇಳಿ ಪಡೆದು ಮಗಳಿಗೆ ಕರೆ ಮಾಡಿದಳು. "ಮಾಯಕ್ಕಾ, ಹೊಲಿಗಿ ಬಿಚ್ಚಿದಾಕಿ ನಾನ. ಸೊಸಿನ್ನ ಇನ್ನೊಮ್ಮೆ ಅಂದ್ರ ನನ್ನ ಅಂದಂಗ, ತಿಳೀತಿಲ್ಲೊ?"

ಒಸಡು ಮಾಯಿತು. ಮೂಳೆ ತಿರುಪುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಹಲ್ಲು ಬಂದವು. ಆ ದಿನ ನಿಂಗವ್ವ ಕನ್ನಡಿ ನೋಡುವ ಮೊದಲು ಶಗುಫ್ತಾರ ಎರಡೂ ಕೈ ಹಿಡಿದುಕೊಂಡಳು.

"ಹಲ್ಲು ಕೊಟ್ಟಿದ್ದು ದೊಡ್ಡದ ಐತ್ರಿ ಬಾಯಾರ. ನನ್ನ ಸೊಸಿ ಹೆಸರು ಉಳಿಸಿದ್ರೆಲ್ಲ—ಅದು ಅದಕ್ಕೂ ದೊಡ್ಡದು."