ಕಾಯ್ದೆ ಓದಿದವಳು, ಕಾಯ್ದವನು

"ನೀವು ಕನ್ನಡದವರೇನ್ರಿ?" ಎಂದು ರುಚಿತಾ ಕೇಳಿದಳು.

"ಹೋ," ಎಂದ ಅವನು, ಟ್ರೇಲರಿನ ಟೈರಿಗೆ ಬಡಿಯುತ್ತಿದ್ದ ರಾಡನ್ನು ನಿಲ್ಲಿಸದೆ.

ಅವಳ ಮುಖ ಕೆಂಪಾಯಿತು. ನಾಶಿಕದಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಮರಾಠಿಯ 'ಹೋ' ಎಂದರೆ 'ಹೌದು' ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕನ್ನಡದಲ್ಲಿ ಕೇಳಿದ ಮೇಲೆ ಕಿವಿಯೂ ಕನ್ನಡದಲ್ಲೇ ಕೂತಿತ್ತು. ಸಂಭಾಜಿನಗರದ ಹೊರಗಿನ ಕಾರ್ಖಾನೆಗಳ ಊರು ವಾಳೂಜಿನ ಆ ಧೂಳಿನ ಪಾರ್ಕಿಂಗಿನಲ್ಲಿ ಬೆಳಗಿನಿಂದ ಹತ್ತು ಜನ ಡ್ರೈವರುಗಳು ಅವಳನ್ನು ಇನ್ಶೂರೆನ್ಸ್ ಮಾರುವವಳೆಂದು ಸಾಗಹಾಕಿದ್ದರು. ಇವನು ಹನ್ನೊಂದನೆಯವನು.

"ಹೋಗ್ತೀನಿ ಬಿಡ್ರಿ. ಅಷ್ಟ್ ಸಿಟ್ಟ್ಯಾಕ?" ಎಂದು ಫೈಲನ್ನು ಎದೆಗವಚಿಕೊಂಡು ತಿರುಗಿದಳು.

"ಅರೇ, ಹೌದು ಅಂದ್ನಲ್ರಿ ಮೇಡಂ! ನಾ ಯಾಕ ಹೋಗು ಅನ್ಲಿ?" ರಾಡು ಕೆಳಗಿಟ್ಟು ಅವನು ನಕ್ಕ. ನಗುವಾಗ ಒಂದು ಹುಬ್ಬು ಮೇಲೇರಿತು, ಇನ್ನೊಂದು ಇದ್ದಲ್ಲೇ ಇತ್ತು. ಆ ಏರಿದ ಹುಬ್ಬನ್ನು ಅವಳು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

ಹೆಸರು ಸೋಮಲಿಂಗ. ವಾಳೂಜಿನ ಕಾರ್ಖಾನೆಗಳ ಕಂಟೇನರು ಹೊತ್ತು ಇಗತಪುರಿಯ ಘಾಟ್ ಇಳಿದು ಮುಂಬೈ ಬಂದರಿಗೆ ಮುಟ್ಟಿಸುವುದು ಅವನ ಕೆಲಸ. ಅಪ್ಪ ಅಮಸಿದ್ದ, ಅವ್ವ ಸಕ್ರವ್ವ ಇಂಡಿ ಕಡೆಯಿಂದ ನಾಶಿಕಕ್ಕೆ ಇಟ್ಟಿಗೆ ಹೊರಲು ಬಂದವರು. "ಕಟ್ಟೂ ಬಿಲ್ಡಿಂಗಿನ್ಯಾಗs ನಮ್ಮ ಸಂಸಾರ. ಪ್ಲಾಸ್ಟರ್ ಆಗೂತನಕ ಅದು ನಮ್ಮನಿ. ಹಂಗ ನೋಡಿದ್ರ ನಾಶಿಕದಾಗ ನಮ್ಮವು ಹದಿನಾಲ್ಕು ಮನಿ ಅದಾವ," ಎಂದು ಅವನು ಹೇಳಿದಾಗ ರುಚಿತಾ ಬರೆಯುವುದನ್ನು ಮರೆತು ನಕ್ಕಳು.

ಅವಳು ಬರೆಯಬೇಕಾದದ್ದು ಪಿಎಚ್‌ಡಿ. ಸಂಭಾಜಿನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಕಡಲು ಮತ್ತು ಸಾಗಣೆಯ ಕಾಯ್ದೆ ಅವಳ ವಿಷಯ. ಹಡಗು ಬಂದರಿನ ಹೊರಗೆ ಕಾದು ನಿಂತರೆ ಆ ಕಾಯುವಿಕೆಗೆ ಕಾನೂನಿನಲ್ಲಿ ಗಂಟೆಗಂಟೆಯ ಲೆಕ್ಕವಿದೆ. ಅದೇ ಬಂದರಿನ ಗೇಟಿನ ಹೊರಗೆ ಟ್ರೇಲರು ಎರಡು ದಿನ ನಿಂತರೆ ಡ್ರೈವರನ ಕಾಯುವಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಷ್ಟನ್ನು ಹೇಳಲು ಅವಳಿಗೆ ಮುನ್ನೂರು ಪುಟ ಬೇಕಿತ್ತು. ಸೋಮಲಿಂಗನಿಗೆ ಒಂದು ಚಹಾ ಸಾಕಾಯಿತು.

"ನೀವು ಕಾಯ್ದೆ ಓದೀರಿ. ನಾ ಗೇಟಿನಾಗ ಕಾಯ್ದೆ. ಇಬ್ರದೂ ಒಂದs ಸಬ್ಜೆಕ್ಟ್," ಎಂದ.

ಪ್ರಶ್ನಾವಳಿಯಲ್ಲಿ ಇದ್ದದ್ದು ನಲವತ್ತು ಪ್ರಶ್ನೆ. ಎರಡು ಶನಿವಾರದಲ್ಲಿ ಮುಗಿಯಬೇಕಿತ್ತು. ಮೂರನೆಯ ಶನಿವಾರ ಅವಳು ನಲವತ್ತೊಂದನೆಯ ಪ್ರಶ್ನೆ ಹಿಡಿದು ಬಂದಳು. ಮಳೆಗಾಲ ಕಳೆಯುವ ಹೊತ್ತಿಗೆ ಅದು ನೂರರ ಗಡಿ ದಾಟಿತ್ತು.

"ಘಾಟಿನ್ಯಾಗ ಮಂಜು ಬಿದ್ರ ಹಾಡು ಹಚ್ಚತೀರೋ, ಬಂದ್ ಮಾಡ್ತೀರೋ?"

"ಇದೂ ಕಾಯ್ದೆಕ್ಕ ಬೇಕೇನ್ರಿ?"

"ಬೇಕರೀ. ರೋಡ್ ಸೇಫ್ಟಿ."

"ಬಂದ್ ಮಾಡ್ತೀನ್ರಿ. ಬರಕೋರಿ." ಅವನು ಚಹಾದ ಗ್ಲಾಸಿನ ಅಂಚಿನ ಮೇಲಿಂದ ಅವಳನ್ನು ನೋಡಿದ. ಅವಳು ತಲೆ ಬಗ್ಗಿಸಿ ಬರೆದಳು. ಪೆನ್ನಿನಲ್ಲಿ ಶಾಯಿ ಮುಗಿದು ಆಗಲೇ ಎರಡು ಸಾಲಾಗಿತ್ತು, ಅದು ಇಬ್ಬರಿಗೂ ಕಾಣುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸಕ್ಕರೆಯಂತೆ ಕರಗಿ ಹೋಗುತ್ತಿತ್ತು. ಆದರೆ ರುಚಿತಾ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡು ಕೂತಿದ್ದಳು. ಅವಳ ಪ್ರಬಂಧ ಮಳೆಗಾಲಕ್ಕೂ ಮೊದಲೇ ಮುಗಿದಿತ್ತು. ಉಲ್ಲೇಖಗಳ ಪಟ್ಟಿ, ಪುಟಸಂಖ್ಯೆ, ಕೃತಜ್ಞತೆ, ಎಲ್ಲವೂ. ಅದು ಲ್ಯಾಪ್‌ಟಾಪಿನೊಳಗೆ ತೆಪ್ಪಗೆ ಮಲಗಿತ್ತು, ಗೈಡ್ ಮೇಡಂ ಕೇಳಿದಾಗಲೆಲ್ಲ ಅವಳು 'ಇನ್ನೊಂದು ಅಧ್ಯಾಯ ಇದೆ' ಎನ್ನುತ್ತಿದ್ದಳು.

ಕಾರಣ ಅವಳ ಅಪ್ಪ. ಮನ್ಮಥಪ್ಪ ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಭಾಲ್ಕಿಯಿಂದ ಬಂದು ನಾಶಿಕದಲ್ಲಿ ತೊಗರಿಬೇಳೆಯ ಅಂಗಡಿ ಇಟ್ಟ ಮನುಷ್ಯ, ಬೀಗರು ನೆಂಟರು 'ಹುಡುಗಿಗೆ ಇಷ್ಟು ಓದು ಯಾಕ' ಎಂದಾಗ ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಬಾಯಿ ಮುಚ್ಚಿಸಿದವರು. ಬೇಳೆ ಕೊಳ್ಳಲು ಬಂದವರಿಗೆಲ್ಲ "ನಮ್ಮ ಮಗಳು ಹಡಗಿನ ಕಾಯ್ದೆ ಓದ್ಲತ್ತಾಳ" ಎಂದು ಹೇಳದೆ ತಕ್ಕಡಿ ಎತ್ತುತ್ತಿರಲಿಲ್ಲ. ಅಡ್ಮಿಷನ್ನಿನ ದಿನ ಅವಳೇ ಅವರ ಕೈ ಹಿಡಿದು ಮಾತು ಕೊಟ್ಟಿದ್ದಳು: "ಓದು ಮುಗೀಲಿ ಅಪ್ಪಾ. ಆಮ್ಯಾಲ ನೀವು ತೋರ್ಸಿದ ಹುಡುಗನ್ನs ಮಾಡ್ಕೋತೀನಿ."

ಅವರು ತೋರಿಸಿದ ಹುಡುಗ ರವಿಕಾಂತ, ಓಝರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು. ಅವನೂ ಒಳ್ಳೆಯವನೇ. ಎರಡು ವರ್ಷದಿಂದ ಹಬ್ಬಕ್ಕೆ ಮನೆಗೆ ಬಂದು, "ಅವಸರ ಏನಿಲ್ಲ, ಥೀಸಿಸ್ ಆಗಲಿ" ಎಂದು ಹೋಳಿಗೆ ತಿಂದು ಹೋಗುತ್ತಿದ್ದ. ಎಲ್ಲರೂ ಒಳ್ಳೆಯವರಾದ ಮನೆಯಲ್ಲಿ ಸಿಕ್ಕಿಬಿದ್ದವಳು ಯಾರ ಮೇಲೆ ಸಿಟ್ಟು ಮಾಡಬೇಕು? ಪ್ರಬಂಧ ಒಪ್ಪಿಸಿದರೆ ಮದುವೆ. ಒಪ್ಪಿಸದಿದ್ದರೆ ನೋಂದಣಿ ರದ್ದು. ನಡುವೆ ಶನಿವಾರದ ಒಂದೊಂದು ಗಂಟೆ ಮಾತ್ರ ಅವಳದು.

ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಪತ್ರ ಬಂತು. ತಿಂಗಳ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಐದು ವರ್ಷದ ಓದು ಅಲ್ಲಿಗೇ ಮುಗಿಯಿತು ಎಂದಿತ್ತು. ಅದನ್ನು ಅವಳು ಫೈಲಿನೊಳಗೆ ತುರುಕಿಕೊಂಡು ವಾಳೂಜಿಗೆ ಹೋದಳು. ಫೈಲು ಚಹಾದಂಗಡಿಯ ಬೆಂಚಿನ ಮೇಲಿಟ್ಟು ಬಿಸ್ಕೀಟು ತರಲು ಎದ್ದಾಗ ಗಾಳಿ ಬೀಸಿ ಪತ್ರ ಹಾರಿತು. ಹಿಡಿದವನು ಸೋಮಲಿಂಗ. ಹನ್ನೆರಡನೆಯ ಕ್ಲಾಸಿನ ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿ ಓದಿದ. ಕೆಳಗೆ ಗೈಡ್ ಮೇಡಂ ಕೈಯಲ್ಲಿ ಬರೆದ ಸಾಲು ಇತ್ತು: ನಿನ್ನ ಸಂದರ್ಶನಗಳು ಏಪ್ರಿಲಿನಲ್ಲೇ ಮುಗಿದಿವೆ, ಇನ್ನೂ ಏನು ಹುಡುಕುತ್ತಿದ್ದೀ?

"ಏಪ್ರಿಲ್‌ನ್ಯಾಗ ಮುಗದಾವಂತ," ಎಂದ ಅವನು. ಹುಬ್ಬು ಏರಲಿಲ್ಲ. "ಮತ್ತ ನೀವು ಎಂಟು ತಿಂಗಳಿಂದ ಏನ್ ಬರಕೊಳ್ಳಾಕತ್ತೀರಿ?"

ಬಿಸ್ಕೀಟಿನ ಪೊಟ್ಟಣ ಹಿಡಿದೇ ಅವಳು ಬೆಂಚಿನ ಮೇಲೆ ಕೂತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಅಪ್ಪನಿಗೆ ಕೊಟ್ಟ ಮಾತು, ರವಿಕಾಂತ, ಎಲ್ಲ. ಒಂದನ್ನು ಬಿಟ್ಟು.

ಅವನು ಕೇಳುತ್ತ ಪತ್ರವನ್ನು ನಾಲ್ಕು ಮಡಿಕೆ ಮಾಡಿದ. "ನಮ್ಮವ್ವ ಹೆಬ್ಬೆಟ್ಟು ಒತ್ತಾಕಿ. ನಿಮ್ಮಂಥಾಕಿ ಡಾಕ್ಟರಕಿ ಕೆಡಸ್ಕೊಂಡು ಇಲ್ಲಿ ಕುಂತ್ರ ಆ ಪಾಪ ನನಗ ಹತ್ತತೈತಿ. ಹೋಗಿ ಕೊಡ್ರಿ."

"ಕೊಟ್ರ ಏನಾಗ್ತದ ಅಂತ ಹೇಳಿದ್ನಲ್ಲ."

"ಕೇಳೀನ್ರಿ."

"ಮತ್ತ ನೀವು ಏನೂ ಹೇಳಂಗಿಲ್ಲಾ?"

ಅವನು ಟ್ರೇಲರಿನ ಕಡೆ ನೋಡಿದ, ಕ್ಯಾಬಿನ್ನಿನ ಕಡೆ, ಆಕಾಶದ ಕಡೆ. ಅವಳ ಕಡೆ ಬಿಟ್ಟು ಎಲ್ಲ ಕಡೆ. "ನಾ ಏನ್ ಹೇಳ್ಲಿ? ಗೇಟಿನ ಒಳಗಿನವ್ರು ನೀವು. ಹೇಳೋರು ನೀವs," ಎಂದ. ಸಿಟ್ಟು ಬಂದು ಅವಳು ಬಿಸ್ಕೀಟನ್ನು ಬೆಂಚಿನ ಮೇಲೆ ಒಗೆದು ಹೊರಟಳು. ಮೂರು ದಿನ ಅತ್ತು, ನಾಲ್ಕನೆಯ ದಿನ ಪ್ರಬಂಧ ಒಪ್ಪಿಸಿದಳು.

ನಂತರದ ಏಳು ತಿಂಗಳು ನಾಶಿಕದ ಮನೆಯಲ್ಲಿ. ಯಾರೂ ಬೀಗ ಹಾಕಲಿಲ್ಲ, ಫೋನು ಕಸಿಯಲಿಲ್ಲ. ಅವ್ವ ಪಾರ್ವತಿಬಾಯಿ ದಿನಾ ಒಂದೊಂದು ಸೀರೆ ಹರಡಿ 'ಇದು ನಿಶ್ಚಯಕ್ಕ, ಇದು ಬೀಗರಿಗೆ' ಎನ್ನುತ್ತಿದ್ದಳು. ವೈವಾ ಆದ ಮರುದಿನವೇ ನಿಶ್ಚಿತಾರ್ಥವೆಂದು ತೀರ್ಮಾನವಾಗಿತ್ತು. ರುಚಿತಾ ಹೂಂ ಅನ್ನುತ್ತಿದ್ದಳು. ಹೂಂ ಅನ್ನುವ ಒಂದೊಂದು ಸಲವೂ ಉಸಿರಿಗೆ ಇದ್ದ ಜಾಗ ಒಂದಿಷ್ಟು ಕಡಿಮೆಯಾಗುತ್ತಿತ್ತು.

ಸೋಮಲಿಂಗನಿಂದ ಬಂದದ್ದು ಒಂದೇ ಮೆಸೇಜು. 'ವೈವಾ ಯಾವಾಗ್ರಿ?' ಅವಳು ತಾರೀಖು ಕಳಿಸಿದಳು. ಅದರ ಕೆಳಗೆ ಇನ್ನೇನೋ ಟೈಪ್ ಮಾಡಿದಳು, ಅಳಿಸಿದಳು.

ವೈವಾ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಬಂದು ಕೂರಬಹುದು, ಪ್ರಶ್ನೆಯನ್ನೂ ಕೇಳಬಹುದು. ಮನ್ಮಥಪ್ಪ ಹೊಸ ಧೋತರ ಉಟ್ಟು, ಪೇಢೆಯ ನಾಲ್ಕು ಡಬ್ಬಿ ಕಾರಿನಲ್ಲಿಟ್ಟುಕೊಂಡು ತಾವೇ ನಡೆಸಿಕೊಂಡು ಬಂದಿದ್ದರು. ಮೊದಲ ಸಾಲಿನಲ್ಲಿ ಅವರು, ಪಾರ್ವತಿಬಾಯಿ, ರವಿಕಾಂತ. ಪರೀಕ್ಷಕರ ಪ್ರಶ್ನೆಗಳಿಗೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರೆ, ಒಂದು ಪದವೂ ಅರ್ಥವಾಗದ ಅಪ್ಪ ಪ್ರತಿ ಉತ್ತರಕ್ಕೂ ತಲೆದೂಗುತ್ತಿದ್ದರು.

"ಸಭಿಕರಲ್ಲಿ ಯಾರಾದರೂ ಪ್ರಶ್ನೆ ಕೇಳುವವರಿದ್ದಾರೆಯೇ?" ಎಂದು ಅಧ್ಯಕ್ಷರು ಕೇಳಿದರು.

ಕೊನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಶರ್ಟೊಂದು ಎದ್ದು ನಿಂತಿತು. ಮರಾಠಿಯನ್ನು ನೀರು ಕುಡಿದಂತೆ ಆಡುವ ಸೋಮಲಿಂಗ, ಬೇಕೆಂದೇ ಕನ್ನಡದಲ್ಲಿ ಕೇಳಿದ.

"ಗೇಟಿನ ಹೊರಗ ಒಬ್ಬಾಂವ ನಿಂತಾನ್ರಿ ಮೇಡಂ. ಒಳಗಿನವ್ರು ಬಾ ಅನ್ನಂಗಿಲ್ಲ, ಹೋಗು ಅನ್ನಂಗಿಲ್ಲ. ಹಡಗಕ್ಕ ಕಾಯ್ದೆ ಐತಿ ಅಂತೀರಿ. ಈ ಮನಷ್ಯಾಗ ಏನೈತ್ರಿ?"

"ಏನಂದರು?" ಎಂದು ಪುಣೆಯಿಂದ ಬಂದ ಪರೀಕ್ಷಕರು ಕೇಳಿದರು.

ಕಾದು ನಿಂತವನಿಗೆ ಸ್ಪಷ್ಟ ಉತ್ತರ ಪಡೆಯುವ ಹಕ್ಕು ಇದೆಯೇ ಎಂದು ಕೇಳುತ್ತಿದ್ದಾರೆ, ಎಂದು ಅವಳು ಇಂಗ್ಲಿಷಿನಲ್ಲಿ ತಿಳಿಸಿದಳು. ಒಳ್ಳೆಯ ಪ್ರಶ್ನೆ, ಅವರ ಭಾಷೆಯಲ್ಲೇ ಉತ್ತರಿಸಿ ಎಂದರು ಪರೀಕ್ಷಕರು.

ಆ ಸಭಾಂಗಣದಲ್ಲಿ ಕನ್ನಡ ಬರುವವರು ಐದೇ ಜನ. ಆ ಐವರಲ್ಲಿ ಒಬ್ಬರು ಅಪ್ಪ. ರುಚಿತಾ ಅಪ್ಪನ ಹೊಸ ಧೋತರದ ಮಡಿಕೆಗಳನ್ನು ನೋಡಿದಳು. ಆ ಕೈ ಹಿಡಿದು ಕೊಟ್ಟ ಮಾತು ನೆನಪಾಯಿತು. ಈಗ ಬಾಯಿ ಮುಚ್ಚಿದರೆ ಇನ್ನು ಆಯುಷ್ಯವಿಡೀ ಹೂಂ ಅನ್ನುವುದೇ ಆಗುತ್ತದೆ ಎಂದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು.

"ಕಾಯ್ದೆದಾಗ ಇನ್ನಾ ಏನೂ ಇಲ್ರಿ," ಎಂದಳು. "ಆದ್ರ ತಪ್ಪು ನಿಂತಾಂವಂದಲ್ಲ. ಕಾಯಿಸಿದಾಕೀದು."

ಕಾಯಿಸಿದವರದು ಎನ್ನಬಹುದಿತ್ತು. ಕಾಯಿಸಿದಾಕಿ ಎಂದುಬಿಟ್ಟಿದ್ದಳು. ಮೊದಲ ಸಾಲಿನಲ್ಲಿ ಮನ್ಮಥಪ್ಪನ ತಲೆದೂಗುವಿಕೆ ನಿಂತಿತು.

"ಅಕೀ ಹೆದರಿದ್ಳು. ಅಪ್ಪನ ಮ್ಯಾಲಿನ ಪ್ರೀತಿಗೆ ಹೆದರಿದ್ಳು. ಈಗ ಎಲ್ಲಾರ ಮುಂದ ಹೇಳ್ತಾಳ." ಅವಳು ಕೊನೆಯ ಸಾಲನ್ನು ನೇರವಾಗಿ ನೋಡಿದಳು. "ಒಳಗ ಬರ್ರಿ."

ಸೋಮಲಿಂಗ ಕೂರಲು ಹೋಗಿ ಪಕ್ಕದ ಕುರ್ಚಿಯವರ ಮೇಲೆ ಕೂತು, ಮತ್ತೆ ಎದ್ದ. ಪರೀಕ್ಷಕರು ಉತ್ತರ ದಿಟ್ಟವಾಗಿದ್ದುದರಿಂದ ಸಮರ್ಪಕವಾಗಿಯೇ ಇರಬೇಕೆಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಡಾಕ್ಟರೇಟ್ ಘೋಷಣೆಯಾಯಿತು.

ರವಿಕಾಂತ ಹತ್ತಿರ ಬಂದು, "ಕಂಗ್ರಾಟ್ಸ್ ಡಾಕ್ಟರ್. ಮೊದಲs ಹೇಳಿದ್ರ ನನಗೂ ಕಾಯೂದು ತಪ್ಪತಿತ್ತು," ಎಂದ. ಕಹಿ ಇತ್ತು, ಇರಬೇಕಾದ್ದೇ. ಅವಳು ಕೈ ಮುಗಿದು ಕ್ಷಮೆ ಕೇಳಿದಳು. ಅವನು ತಲೆಯಾಡಿಸಿ ತನ್ನ ಬೈಕಿನ ಕಡೆ ನಡೆದ.

ಮನ್ಮಥಪ್ಪ ಕಾರಿನ ಹತ್ತಿರ ನಿಂತಿದ್ದರು. ಎಷ್ಟು ಸಲ ಚುಚ್ಚಿದರೂ ಕೀಲಿ ಬಾಗಿಲಿನ ತೂತಿಗೆ ಹೋಗುತ್ತಿರಲಿಲ್ಲ. ರುಚಿತಾ "ಅಪ್ಪಾ" ಎಂದಳು. ಅವರು ಅವಳನ್ನು ನೋಡಲಿಲ್ಲ. ಅವಳ ಹಿಂದೆ ನಿಂತಿದ್ದವನನ್ನು ಅಡಿಯಿಂದ ಮುಡಿಯತನಕ ನೋಡಿದರು. ಬಂದರಿನ ಗೇಟಿನ ಹೊರಗೆ ಕಾಯುವವರು ಯಾರೆಂದು ಮಗಳು ಎಷ್ಟೋ ಸಲ ಹೇಳಿದ್ದಳು.

"ಡ್ರೈವರ್ ಅಲ್ಲೇನು ನೀ?"

"ಹೌದ್ರಿ."

ಕೀಲಿಯನ್ನು ಅವನ ಕೈಗೆ ಒಗೆದರು. "ನಡಸು."

ಹೀಗೆ ಆ ನಾಲ್ವರೂ ಒಂದೇ ಕಾರಿನಲ್ಲಿ ಸಿಕ್ಕಿಬಿದ್ದರು. ಮುಂದೆ ಅಪ್ಪ ಮತ್ತು ಸೋಮಲಿಂಗ, ಹಿಂದೆ ಅವ್ವ ಮತ್ತು ರುಚಿತಾ, ನಡುವೆ ಪೇಢೆಯ ನಾಲ್ಕು ಡಬ್ಬಿ. ನಾಶಿಕ ನಾಲ್ಕು ಗಂಟೆಯ ದಾರಿ. ಊರು ದಾಟಿತು, ವೈಜಾಪುರ ದಾಟಿತು, ಯಾರೂ ಒಂದಕ್ಷರ ಆಡಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸುತ್ತ ಇನ್ನೊಂದು ಕೈಯಿಂದ ಮಗಳ ಬೆರಳು ಹಿಡಿದಿದ್ದಳು. ಕನ್ನಡಿಯಲ್ಲಿ ಸೋಮಲಿಂಗನ ಕಣ್ಣು ಒಂದೇ ಒಂದು ಸಲ ರುಚಿತಾಳಿಗೆ ಸಿಕ್ಕಿತು, ತಕ್ಷಣ ರಸ್ತೆಗೆ ಮರಳಿತು. ಹೊಂಡ ಬಂದಲ್ಲೆಲ್ಲ ಅವನು ಕಾರನ್ನು ಎಷ್ಟು ಮೆಲ್ಲಗೆ ಇಳಿಸುತ್ತಿದ್ದನೆಂದರೆ ಡಬ್ಬಿಗಳು ಅಲುಗಲಿಲ್ಲ. ಅಪ್ಪ ಅದನ್ನು ನೋಡುತ್ತಿದ್ದರು. ಎತ್ತು, ಗಾಡಿ, ಆಳು, ಯಾವುದನ್ನೂ ನಡಿಗೆಯ ಮೇಲೆ ಅಳೆಯುವ ಮನುಷ್ಯ ಅವರು.

ಯೇವಲಾ ಸಮೀಪಿಸಿದಾಗ ಅಪ್ಪ ಕೆಮ್ಮಿದರು. ರುಚಿತಾ ಮುಂದಕ್ಕೆ ಬಾಗಿದಳು.

"ಮುಂದ ಒಂದು ಹೋಟೆಲ್ ಬರ್ತದ," ಎಂದರು ಮನ್ಮಥಪ್ಪ, ಕಿಟಕಿಯ ಹೊರಗೇ ನೋಡುತ್ತ. ಆಮೇಲೆ ಸೋಮಲಿಂಗನ ಕಡೆ ತಿರುಗಿದರು. "ಅಲ್ಲಿ ನಿಲ್ಲಸ್ರಿ. ಚಹಾ ಕುಡ್ಯಾಮು."

ನಿಲ್ಲಸು ಎನ್ನಲಿಲ್ಲ, ನಿಲ್ಲಸ್ರಿ ಎಂದರು. ಅವ್ವನ ಹಿಡಿತದಲ್ಲಿದ್ದ ಬೆರಳುಗಳಲ್ಲೇ ಮುಖ ಮುಚ್ಚಿಕೊಂಡು ರುಚಿತಾ ಅತ್ತುಬಿಟ್ಟಳು. ಸೋಮಲಿಂಗ ಇಂಡಿಕೇಟರ್ ಹಾಕಿ, "ಆತ್ರಿ," ಎಂದ.