ಅಧಿಕ ವರ್ಷದ ಬರ್ಚ್ ಮರ

ಮೇ ಒಂದರ ಬೆಳಿಗ್ಗೆ ಟಿಲ್ಮನ್ ಬಾಗಿಲು ತೆರೆದಾಗ, ಮಳೆನೀರಿನ ಕೊಳವೆಗೆ ಕಟ್ಟಿದ ಎಳೆಯ ಬರ್ಚ್ ಮರವೊಂದು ಮನೆಯ ಮುಂದೆ ನಿಂತಿತ್ತು. ಕೊಂಬೆ ತುಂಬ ನೀಲಿ, ಹಳದಿ ಕಾಗದದ ಪಟ್ಟಿಗಳು.

ರೈನ್ ನದಿ ದಂಡೆಯ ಆ ಊರುಗಳಲ್ಲಿ ಹುಡುಗರು ಮೇ ಒಂದರ ಹಿಂದಿನ ರಾತ್ರಿ ಮನಸ್ಸು ಕೊಟ್ಟವಳ ಮನೆಗೆ ಕದ್ದುಮುಚ್ಚಿ ಮರ ಕಟ್ಟುತ್ತಾರೆ. ತಿಂಗಳ ಕೊನೆಗೆ ಅದನ್ನು ಇಳಿಸಲು ಕಟ್ಟಿದವನೇ ಹಗಲಲ್ಲಿ ಬರಬೇಕು. ಬಂದವನಿಗೆ ಅಪ್ಪ ಒಂದು ಕ್ರೇಟ್ ಬಿಯರ್ ಕೊಡಬೇಕು, ಅಮ್ಮ ಕೇಕ್ ಕೊಡಬೇಕು, ಮರ ಪಡೆದವಳು ಒಂದು ಮುತ್ತು ಕೊಡಬೇಕು.

"ಮನೆ ತಪ್ಪಿದ್ದಾರೆ," ಎಂದರು ಅಪ್ಪ. "ಇಲ್ಲಿ ಹುಡುಗಿ ಯಾರಿದ್ದಾರೆ?"

"ನಾನಿಲ್ವೇನೋ?" ಎಂದರು ಅಜ್ಜಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

ಅಮ್ಮ ಮಾತ್ರ ಕ್ಯಾಲೆಂಡರ್ ನೋಡಿದರು. "ಈ ಸಲ ಅಧಿಕ ವರ್ಷ ಕಣ್ರೀ. ಹುಡುಗೀರೇ ಹುಡುಗರಿಗೆ ಮರ ಇಡೋ ವರ್ಷ."

ಮೂವರೂ ಟಿಲ್ಮನ್ ಕಡೆ ತಿರುಗಿದರು. ಹತ್ತೊಂಬತ್ತರ ಹುಡುಗ, ಕಿವಿವರೆಗೂ ಕೆಂಪಾದ.

"ಯಾರೋ ಅವಳು?" ಅಪ್ಪನಿಗೆ ಖುಷಿಯೋ ಖುಷಿ. ಅವರು ಊರಿನ ಅಗ್ನಿಶಾಮಕ ದಳದ ನಾಯಕ; ಸಂಜೆಯೊಳಗೆ ದಳಕ್ಕೆಲ್ಲ ಸುದ್ದಿ ಮುಟ್ಟುವುದು ಖಂಡಿತ.

ಅಷ್ಟರಲ್ಲಿ ಬೇಕರಿಯ ಕಾಸ್ಪರ್ ಸೈಕಲ್ಲಿನಲ್ಲಿ ಬನ್ ತಂದ. ಅಲ್ಲಿ ಕೆಲಸ ಕಲಿಯುತ್ತಿದ್ದ, ಟಿಲ್ಮನ್‌ನ ಓರಗೆಯವನು, ಈಜಿನ ಜೊತೆಗಾರ. ನಕ್ಕರೆ ಮೊದಲು ಎಡ ಹುಬ್ಬು ನಗುತ್ತಿತ್ತು, ಆಮೇಲೆ ತುಟಿ. ಆ ನಡುವಿನ ಕ್ಷಣಕ್ಕಾಗಿ ಟಿಲ್ಮನ್ ಎರಡು ವರ್ಷದಿಂದ ಬೇಡದಿದ್ದರೂ ಬನ್ ತಿನ್ನುತ್ತಿದ್ದ.

"ಮರ ಚೆನ್ನಾಗಿದೆ," ಎಂದ ಕಾಸ್ಪರ್. "ಯಾರಿಟ್ಟಿದ್ದು?"

ಚೀಲ ನೀಡಿದ ಅವನ ಬೆರಳುಗಳು ನೀಲಿಯಾಗಿದ್ದವು. ಇಬ್ಬನಿಗೆ ಒದ್ದೆಯಾದ ಕಾಗದ ಬಣ್ಣ ಬಿಟ್ಟಿತ್ತು. ಟಿಲ್ಮನ್ ಬೆರಳು ನೋಡಿದ, ಕಣ್ಣು ನೋಡಿದ. ಎಡ ಹುಬ್ಬು ನಕ್ಕಿತು.

ಆ ತಿಂಗಳೆಲ್ಲ ಇಬ್ಬರೂ ನದಿಯ ದಂಡೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತರು. ಮನೆಯಲ್ಲಿ ಅಪ್ಪ ದಿನಕ್ಕೊಂದು ಹುಡುಗಿಯ ಹೆಸರು ಹೇಳಿ ಮಗನ ಮುಖ ನೋಡುತ್ತಿದ್ದರು.

"ಹೇಳೋಕೆ ಧೈರ್ಯ ಬರ್ತಿಲ್ಲ ಕಣೋ," ಎಂದ ಟಿಲ್ಮನ್. "ದಳದವರ ಮುಂದೆ ಅಪ್ಪ ತಲೆ ತಗ್ಗಿಸೋ ಹಾಗಾದ್ರೆ? ಅದನ್ನ ನಾನು ನೋಡಲಾರೆ."

"ಮರ ಇಳಿಸೋಕೆ ನಾನಂತೂ ಬರ್ತೀನಿ," ಎಂದ ಕಾಸ್ಪರ್. "ನೀನು ನನ್ನ ಸಹಾಯಕ್ಕೆ ಬಂದವನು ಅಂದ್ರೆ ಸಹಾಯಕ್ಕೆ ಬಂದವನು. ಬೇರೆ ಏನಾದ್ರೂ ಅಂದ್ರೆ ಅದೇ. ನೀನು ಹೇಳಿದ ಹಾಗೆ."

ಇಂಥ ದೊಡ್ಡ ಮನಸ್ಸಿನವನನ್ನು ಪ್ರೀತಿಸದೆ ಇರುವುದು ಹೇಗೆ?

ಮೇ ಮೂವತ್ತೊಂದರ ಮಧ್ಯಾಹ್ನ ಅಂಗಳದಲ್ಲಿ ಮೇಜು ಹಾಕಿದ್ದರು. ಅಮ್ಮನ ಚೆರ್ರಿ ಕೇಕು, ಬರಲಿರುವ ಹುಡುಗಿಗೆಂದು ಅಪ್ಪ ತಂದ ಸಿಹಿ ವೈನು. ಅಜ್ಜಿ ಮುತ್ತಿನ ಸರ ಹಾಕಿ ಕೂತಿದ್ದರು. ಗೇಟಿನಲ್ಲಿ ಕಾಸ್ಪರ್ ಕಾಣಿಸಿದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಗರಗಸ.

"ಬಾರೋ ಕಾಸ್ಪರ್, ಕೂತ್ಕೋ," ಎಂದರು ಅಪ್ಪ. "ಹುಡುಗಿ ಇನ್ನೂ ಬಂದಿಲ್ಲ. ಸಹಾಯಕ್ಕೆ ಬಂದ್ಯಾ?"

ಕಾಸ್ಪರ್ ಟಿಲ್ಮನ್‌ನನ್ನು ನೋಡಿದ. ಹುಬ್ಬು ಈಗ ನಗುತ್ತಿರಲಿಲ್ಲ. ಗರಗಸವನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದ. ಅವನಿಗೂ ಭಯವಿದೆಯೆಂದು ಟಿಲ್ಮನ್‌ಗೆ ಆಗಲೇ ತಿಳಿದದ್ದು.

"ಅಪ್ಪಾ, ಕಾಯೋದು ಬೇಡ," ಎಂದ. "ಬರಬೇಕಾದವನು ಬಂದ. ಮರ ಇಟ್ಟಿದ್ದು ಇವನೇ. ನಂಗೂ ಇವನಂದ್ರೆ ಇಷ್ಟ."

ಅಮ್ಮನ ಕೈಯ ಚಾಕು ಕೇಕಿನ ಮೇಲೆ ನಿಂತಿತು. ಅಪ್ಪ ಎದ್ದರು, ನೆಲಮಾಳಿಗೆಗೆ ಇಳಿದು ಹೋದರು. ಟಿಲ್ಮನ್‌ನ ಎದೆಯೂ ಅವರ ಜೊತೆಗೇ ಇಳಿಯಿತು.

ಕೆಳಗೆ ಬಾಟಲಿಗಳ ಸದ್ದು. ಅಪ್ಪ ಏದುಸಿರು ಬಿಡುತ್ತ ಮೇಲೆ ಬಂದರು, ಕೈಯಲ್ಲಿ ಒಂದು ತುಂಬಿದ ಕ್ರೇಟ್.

"ಹುಡುಗಿ ಅಂತ ವೈನ್ ತಂದಿದ್ದೆ," ಎಂದು ಕ್ರೇಟನ್ನು ಕಾಸ್ಪರ್‌ನ ಕಾಲ ಬಳಿ ಇಟ್ಟರು. "ಮೊದ್ಲೇ ಹೇಳ್ಬಾರ್ದಿತ್ತಾ? ಬಿಯರ್ ತಣ್ಣಗೂ ಇಲ್ಲ."

ಅಮ್ಮ ಕಣ್ಣೊರೆಸಿಕೊಂಡು ಕೇಕಿನ ದೊಡ್ಡ ತುಂಡನ್ನೇ ಕತ್ತರಿಸಿದರು. "ಆದ್ರೆ ಈ ವರ್ಷ ಹುಡುಗರು ಇಡೋ ಹಾಗಿಲ್ಲ ಕಣಪ್ಪ."

"ನಮ್ಮಿಬ್ಬರಲ್ಲಿ ಯಾರಾದ್ರೂ ಒಬ್ಬ ಹುಡುಗ ಇಡಲೇಬೇಕಲ್ಲ," ಎಂದ ಕಾಸ್ಪರ್. ಅಪ್ಪನಿಗೆ ನಗು ತಡೆಯಲಾಗಲಿಲ್ಲ.

"ಬಿಯರ್ ಆಯ್ತು, ಕೇಕ್ ಆಯ್ತು," ಎಂದರು ಅಜ್ಜಿ. "ಮೂರನೇದು?"

ಟಿಲ್ಮನ್ ಮುತ್ತು ಕೊಟ್ಟ. ಅಪ್ಪ ಅಮ್ಮ ಮರ್ಯಾದೆಯಿಂದ ಮರದ ಕಡೆ ನೋಡಿದರು. ಅಜ್ಜಿ ಮಾತ್ರ ಕನ್ನಡಕ ಸರಿಮಾಡಿಕೊಂಡರು.

"ಬರೋ ವರ್ಷ ನಿನ್ನ ಸರದಿ ಕಣೋ ಮಗನೇ," ಎಂದರು ಅಪ್ಪ, ಮರದ ತುದಿಯನ್ನೇ ನೋಡುತ್ತ. "ಕಾಸ್ಪರ್ ಮನೆಗೆ ಇದಕ್ಕಿಂತ ಎತ್ತರದ್ದು ಇಡೋಣ. ದಳದವರನ್ನೆಲ್ಲ ಕರ್ಕೊಂಡು ಹೋಗೋಣ, ಏಣಿ ನಮ್ದೇ ಇದೆ."